ಕುಮ್ಕಿಯ ಮಾವಿನ ಮರ

"ನೋಟರಿ ಇದ್ದಾರಲ್ಲ, ಮತ್ತೆ ವಕೀಲರು ಎಂತಕ್ಕೆ?" ಎಂದು ಮ್ಯೂನಿಕ್‌ನಿಂದ ಅಕ್ಕ ಕೇಳಿದಾಗ ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದಿದ್ದೆ. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಬೆಳ್ತಂಗಡಿಯ ಮಾವ ಮನೆ, ತೋಟ ಎರಡನ್ನೂ ಮಾರುತ್ತಾರೆ ಅಂತ ಗೊತ್ತಾದ ದಿನದಿಂದ ಅವಳಿಗೆ ನಿದ್ದೆ ಇಲ್ಲ. ನಮ್ಮ ಬೇಸಿಗೆ ರಜೆಗಳೆಲ್ಲ ಕಳೆದದ್ದು ಆ ಮನೆಯ ಹಿಂದಿನ ಗುಡ್ಡೆಯ ಕಾಟು ಮಾವಿನ ಮರದ ಕೆಳಗೆ.

ಅವಳು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಲ್ಲಿ ಫ್ಲಾಟ್ ಕೊಂಡಾಗ ನೋಟರಿ ಇಡೀ ಕರಾರನ್ನು ಗಟ್ಟಿಯಾಗಿ ಓದಿದ್ದರಂತೆ, ಪಕ್ಕದಲ್ಲಿ ದುಭಾಷಿಯನ್ನು ಕೂರಿಸಿಕೊಂಡು. ಓದಲೇಬೇಕು, ಜರ್ಮನಿಯ ಕಾನೂನು ಹಾಗೆ. ನೋಟರಿ ಇಲ್ಲದ ಮನೆ ಕರಾರು ಅಲ್ಲಿ ಸಿಂಧುವೇ ಅಲ್ಲ. ಆತ ಕೊಳ್ಳುವವರ ಕಡೆಯೂ ಅಲ್ಲ, ಮಾರುವವರ ಕಡೆಯೂ ಅಲ್ಲ. (ಬೆಲೆ ಜಾಸ್ತಿಯಾಯಿತು ಎಂದು ಆತ ಒಂದು ಮಾತು ಹೇಳಲಿಲ್ಲ ಅಂತ ಅಕ್ಕ ಈಗಲೂ ಗೊಣಗುತ್ತಾಳೆ.)

ನಮ್ಮ 1952ರ ಕಾಯ್ದೆಯ ನೋಟರಿ ಬೇರೆಯೇ. ಅವರೂ ವಕೀಲರೇ ಇರಬಹುದು, ಆದರೆ ಆ ಸೀಲು ಹಾಕುವಾಗ ಅವರು ನೋಡುವುದು ಸಹಿ ಹಾಕಿದ್ದು ನೀವೇ ತಾನೇ ಎಂದು. ಜಾಗ ಯಾರದ್ದು ಎಂದಲ್ಲ. ನೂರು ರೂಪಾಯಿಯ ಜಾಗವನ್ನು ಮಾರಬೇಕಾದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಬೇಕು. ನೋಂದಾಯಿಸಿಕೊಂಡವರೂ ಮಾರುವವರ ಹಕ್ಕಿಗೆ ಗ್ಯಾರಂಟಿ ನಿಲ್ಲುವುದಿಲ್ಲ.

ಬೆಳ್ತಂಗಡಿಯಲ್ಲಿ ನಾನು ಹುಡುಕಿದ ವಕೀಲೆ ಪಹಣಿ ನೋಡುವ ಮೊದಲೇ ಕೇಳಿದರು: "ನಿಮ್ಮ ಅಕ್ಕನ ಪಾಸ್‌ಪೋರ್ಟ್ ಯಾವ ದೇಶದ್ದು?"

ಜರ್ಮನಿಯದ್ದು. ಜೊತೆಗೆ ಒಸಿಐ ಕಾರ್ಡ್ ಉಂಟು.

ಹಾಗಾದರೆ ಮನೆ ಕೊಳ್ಳಬಹುದು, ಅಡಿಕೆ ತೋಟ ಕೊಳ್ಳುವ ಹಾಗಿಲ್ಲ ಎಂದರು. 2020ರಲ್ಲಿ ಕರ್ನಾಟಕ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು ಅಂತ ನಾನು ವಾದಿಸಿದೆ. ಅದು ರಾಜ್ಯದ ಕಾನೂನು. ಅಕ್ಕನಿಗೆ ಅಡ್ಡ ಬಂದದ್ದು ಕೇಂದ್ರದ ಫೆಮಾ. ಒಸಿಐ ಇರುವವರು ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ದಾನಪತ್ರವೂ ನಡೆಯುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಮಾತು ಬೇರೆ. ಮಾವನ ಜಾಗದಲ್ಲಿ ಕನ್ವರ್ಷನ್ ಆದದ್ದು ಮನೆ ಇರುವ 20 ಸೆಂಟ್ಸ್ ಮಾತ್ರ.

ಮಾವ ಇದನ್ನು ಕೇಳಿ ನಕ್ಕರು. "ನಮ್ಮ ನಮ್ಮೊಳಗೆ ವಕೀಲರು ಎಂತಕ್ಕೆ ಮಾರಾಯ? ತೋಟ ನಿನ್ನ ಹೆಸರಿಗೆ ಮಾಡುವ, ದುಡ್ಡು ಅವಳು ಕೊಡಲಿ. ತೋಟ ಅವಳದ್ದೇ ಅಂತ ಒಂದು ಅಗ್ರಿಮೆಂಟ್ ಬರೆದು ನೋಟರಿ ಮಾಡಿಸಿದರೆ ಆಯ್ತು."

ಒಂದು ರಾತ್ರಿ ಇಡೀ ಅದರ ಬಗ್ಗೆ ಯೋಚಿಸಿದೆ. ಸುಳ್ಳು ಯಾಕೆ, ಆಸೆಯಾಗಿತ್ತು. ಪಹಣಿಯಲ್ಲಿ ನನ್ನ ಹೆಸರು, ಅದೂ ಇಎಂಐ ಇಲ್ಲದೆ! ಬೆಳಿಗ್ಗೆ ವಕೀಲೆ ಒಂದೇ ಶಬ್ದ ಹೇಳಿದರು: ಬೇನಾಮಿ. 2016ರ ತಿದ್ದುಪಡಿಯ ನಂತರ ಏಳು ವರ್ಷದವರೆಗೆ ಜೈಲು, ಜಾಗ ಸರ್ಕಾರಕ್ಕೆ. ಆ ನೋಟರಿ ಅಗ್ರಿಮೆಂಟೇ ನಮ್ಮ ವಿರುದ್ಧದ ಸಾಕ್ಷಿ.

ಮಾವನಿಗೆ ನಾನೇ ಫೋನ್ ಮಾಡಿ ಆಗುವುದಿಲ್ಲ ಎಂದೆ. "ಬೆಂಗಳೂರಿಗೆ ಹೋದ ಮೇಲೆ ನಮ್ಮನ್ನು ನಂಬುವುದಿಲ್ಲ ಅಲ್ವಾ?" ಎಂದು ಕೇಳಿ ಇಟ್ಟುಬಿಟ್ಟರು. ಎರಡು ತಿಂಗಳು ಮಾತಿಲ್ಲ. ನನ್ನ ಅಮ್ಮನ ಹತ್ತಿರವೂ.

ಅಕ್ಕನಿಗೆ ಹೇಳುವುದಕ್ಕೆ ಅದಕ್ಕಿಂತ ಕಷ್ಟವಾದ ಇನ್ನೊಂದು ವಿಷಯ ಇತ್ತು. ನಕ್ಷೆ ನೋಡಿದಾಗ ಮಾವಿನ ಮರ ಇರುವ ಗುಡ್ಡೆ ಮಾವನ ವರ್ಗ ಜಾಗವೇ ಅಲ್ಲ, ಕುಮ್ಕಿ. ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಕೃಷಿ ಜಾಗದ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಭೂಮಿ. ಸೊಪ್ಪು, ಕಟ್ಟಿಗೆ ತರುವ ಸವಲತ್ತು ವರ್ಗದಾರನಿಗೆ, ಒಡೆತನ ಸರ್ಕಾರಕ್ಕೆ. ಮೂರು ತಲೆಮಾರು ಬೇಲಿ ಹಾಕಿಕೊಂಡು ನಮ್ಮದೇ ಅಂದುಕೊಂಡಿದ್ದೆವು. ಅಕ್ಕ ತುಂಬಾ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಕೊಳ್ಳುವುದು ಎಂತ?" ಎಂದಳು.

ಕೊನೆಗೆ 20 ಸೆಂಟ್ಸ್ ಮತ್ತು ಮನೆ ಕೊಂಡಳು. ಮ್ಯೂನಿಕ್‌ನ ನಮ್ಮ ಕಾನ್ಸುಲೇಟಿನಲ್ಲಿ ಸಹಿ ಮಾಡಿ ಕಳಿಸಿದ ಪವರ್ ಆಫ್ ಅಟಾರ್ನಿಗೆ ಇಲ್ಲಿ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿ, ಅವಳ ಪರವಾಗಿ ನೋಂದಣಿಗೆ ಹೋದದ್ದು ನಾನು. ಮಾವ ಬಂದರು, ಹೆಬ್ಬೆಟ್ಟು ಕೊಟ್ಟರು, ಚಹಾ ಕುಡಿಯದೆ ಹೋದರು. ತೋಟ ಅವರ ಹೆಸರಲ್ಲೇ ಉಂಟು.

ಮೇ ತಿಂಗಳಲ್ಲಿ ಅಕ್ಕ ಬಂದಳು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಒಂದು ಬುಟ್ಟಿ ಕಾಟು ಮಾವಿನಹಣ್ಣು ಇತ್ತು. ಮಾವ ಅಂಗಳದ ತುದಿಯಲ್ಲಿ ನಿಂತಿದ್ದರು. "ಸರ್ಕಾರದ ಮರದ್ದು," ಎಂದರು.