ಕೊಡುವ ಕೈಯ ಹಟ

ನಮ್ಮ ಸಭೆಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಮೊದಲು ಓಡುವವರಲ್ಲಿ ನಾನೂ ಒಬ್ಬ. ಆಸ್ಪತ್ರೆಯಲ್ಲಿ ರಾತ್ರಿ ಕೂರುವುದು, ಸಾವಿನ ಮನೆಗೆ ಗಂಜಿ ಒಯ್ಯುವುದು, ಮನೆಪ್ರಾರ್ಥನೆಯಲ್ಲಿ ಕೀರ್ತನೆ ಓದುವುದು ನನಗೆ ಸಲೀಸು. ಆದರೆ ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು ಪ್ರಾರ್ಥನೆಗೆಂದು ಬಂದ ಚೀಟಿಗಳನ್ನು ಓದುವಾಗ ಅವುಗಳಲ್ಲಿ ನನ್ನ ಹೆಸರು ಇದ್ದದ್ದಿಲ್ಲ. ಕಷ್ಟ ಬಂದಿಲ್ಲವೆಂದಲ್ಲ. ಮಗನ ಕೆಲಸ ಹೋದಾಗಲೂ ಯಾರಾದರೂ ವಿಚಾರಿಸಿದರೆ ‘ದೇವರ ಕೃಪೆಯಿಂದ ಚೆನ್ನಾಗಿದ್ದೇವೆ’ ಎನ್ನುತ್ತಿದ್ದೆ. ಅದು ವಿಶ್ವಾಸವೆಂದೇ ನಂಬಿದ್ದೆ. ಅದರಲ್ಲಿ ವಿಶ್ವಾಸವೆಷ್ಟು, ಹಮ್ಮೆಷ್ಟು ಎಂದು ಈಗ ಕೇಳಿಕೊಳ್ಳಬೇಕಾಗಿದೆ.

ಒಬ್ಬರ ಭಾರ ಇನ್ನೊಬ್ಬರು ಹೊರಬೇಕೆಂದು ಪೌಲನು ಗಲಾತ್ಯದವರಿಗೆ ಬರೆದ ಮಾತಿನ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ, ಯುವಜನರ ಕೂಟದಲ್ಲಿ ನಾನೇ ಮಾತಾಡಿದ್ದೇನೆ. ಪ್ರತಿ ಸಲವೂ ನಾನು ನಿಂತದ್ದು ಹೊರುವವನ ಜಾಗದಲ್ಲಿ. ನನ್ನ ಭಾರಕ್ಕೆ ಯಾರೂ ಕೈ ಹಾಕದಂತೆ ನೋಡಿಕೊಂಡರೆ, ಆ ಆಜ್ಞೆಯನ್ನು ಪಾಲಿಸುವ ಅವಕಾಶವನ್ನೇ ಅವರಿಂದ ಕಸಿದುಕೊಂಡಂತೆ. ಪೌಲ ಸ್ವತಃ ಹಾಗಿರಲಿಲ್ಲ. ಡೇರೆ ಮಾಡಿ ಸ್ವಂತ ದುಡಿಮೆಯಲ್ಲಿ ಬದುಕಿದವನು ಸೆರೆಯಲ್ಲಿದ್ದಾಗ, ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದನ್ನು ಸ್ವೀಕರಿಸಿದ. ಸ್ವೀಕರಿಸಿದೆನೆಂದು ಪತ್ರದಲ್ಲಿ ಬರೆದ. ಯೇಸು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿದ. ಮಗ್ದಲದ ಮರಿಯಳು, ಯೋಹಾನಳು, ಸುಸನ್ನಳು ಮೊದಲಾದ ಹೆಂಗಸರು ತಮ್ಮ ಆಸ್ತಿಯಿಂದ ಅವನನ್ನೂ ಶಿಷ್ಯರನ್ನೂ ಉಪಚರಿಸುತ್ತಿದ್ದರೆಂದು ಲೂಕ ಹೇಳುತ್ತಾನೆ. ಗೆತ್ಸೇಮನೆಯಲ್ಲಿ ಯೇಸು ಮೂವರು ಶಿಷ್ಯರಿಗೆ ತನ್ನ ದುಃಖ ತೋಡಿಕೊಂಡು, ಜೊತೆಗೆ ಎಚ್ಚರವಾಗಿರಿ ಎಂದ. ಅವರು ನಿದ್ದೆಹೋದರು, ಆದರೂ ಅವನು ಕೇಳಿದ್ದ.

ಈ ಹಟ ನನಗೆ ಪರಂಪರೆಯಿಂದಲೂ ಬಂದಿರಬಹುದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದ ಅನೇಕರು ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡಾಗ ಅವರ ಜೀವನೋಪಾಯಕ್ಕೆ ಮಿಷನ್ ನೇಯ್ಗೆಯ ಕೆಲಸ ಕೊಟ್ಟಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಭಿಕ್ಷೆಯಲ್ಲ, ಕೂಲಿ. ಬಿದ್ದವರು ತಲೆಯೆತ್ತಿ ನಿಲ್ಲುವಂತೆ ಮಾಡಿದ ಆ ಸಹಾಯ ದೊಡ್ಡದೇ. ಕೈಯೊಡ್ಡಬಾರದು, ದುಡಿದು ತಿನ್ನಬೇಕು ಎಂಬ ಪಾಠ ನಮ್ಮ ಮನೆಗಳಲ್ಲಿ ಗಟ್ಟಿಯಾಯಿತು. ಆ ಪಾಠವೇ ಮುಂದೆ ನನ್ನಲ್ಲಿ, ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಲೆಕ್ಕವಾಯಿತು.

ಈ ಲೆಕ್ಕವನ್ನು ಯೋಬನ ಪುಸ್ತಕ ತಲೆಕೆಳಗು ಮಾಡುತ್ತದೆ. ಮೂವರು ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮೌನವಾಗಿ ಕೂತದ್ದು, ಆಮೇಲೆ ಬಾಯಿಬಿಟ್ಟು ಕೆಡಿಸಿದ್ದು ಎಲ್ಲರಿಗೂ ಗೊತ್ತು. ಕೊನೆಯ ಅಧ್ಯಾಯದಲ್ಲಿ ದೇವರು ಆ ಸ್ನೇಹಿತರನ್ನು ಯೋಬನ ಬಳಿಗೇ ಕಳಿಸುತ್ತಾನೆ: ಅವನು ನಿಮಗಾಗಿ ಪ್ರಾರ್ಥಿಸಲಿ ಎಂದು. ಸಂತೈಸಲು ಬಂದವರು ಸಂಕಟದಲ್ಲಿದ್ದವನ ಪ್ರಾರ್ಥನೆಯಿಂದ ಉಳಿದರು. ಯೋಬನ ಸ್ಥಿತಿ ತಿರುಗಿದ್ದೂ ಅವನು ಅವರಿಗಾಗಿ ಪ್ರಾರ್ಥಿಸಿದ ಮೇಲೆ.

ಈ ಅಧ್ಯಾಯ ನನ್ನ ಪಾಲಿಗೆ ನಿಜವಾದದ್ದು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ನಮ್ಮ ವಠಾರದ ಅಮ್ಮನೊಬ್ಬರ ಮನೆಯಲ್ಲಿ. ನನ್ನ ಪ್ರಾರ್ಥನೆ ಮುಗಿದ ಮೇಲೆ ಅವರು, “ನಿನಗೆ ಎಂತ ಆಗ್ಬೇಕು ಹೇಳು ಮಗ, ನಾನೂ ಪ್ರಾರ್ಥನೆ ಮಾಡ್ತೇನೆ. ಮಲಗಿದಲ್ಲಿ ನನಗೆ ಬೇರೆ ಎಂತ ಕೆಲಸ ಉಂಟು?” ಎಂದರು. ಹೆಂಡತಿಯ ಬಯಾಪ್ಸಿ ವರದಿಗೆ ಕಾಯುತ್ತಿದ್ದ ವಾರ ಅದು. ಹೇಳಿದೆ. ಅವರು ತುಳುವಿನಲ್ಲಿ, ತೊದಲುತ್ತಾ, ನನ್ನ ಹೆಂಡತಿಯ ಹೆಸರು ಹಿಡಿದು ಬೇಡಿದರು. ಆಗ ನನಗಾದದ್ದು ಸಮಾಧಾನವಲ್ಲ, ಮುಜುಗರ. ಎದ್ದು ಹೋಗಿಬಿಡಬೇಕೆನಿಸಿತು.

ಆ ಮುಜುಗರವೇ ನನ್ನ ಒಳಗನ್ನು ತೋರಿಸಿತು. ಮನುಷ್ಯರೆದುರು ಬರಿಗೈಯಲ್ಲಿ ನಿಲ್ಲಲು ನಾಚುವ ನಾನು ದೇವರೆದುರೂ ಮಾಡಿದ ಸೇವೆಯ ಪಟ್ಟಿ ಹಿಡಿದೇ ನಿಲ್ಲುತ್ತಿದ್ದೆ. ಕೃಪೆಯಿಂದ ಬದುಕುತ್ತೇನೆ ಎನ್ನುವವನು ಕೃಪೆಯನ್ನು ಪಡೆಯಲೂ ಕಲಿಯಬೇಡವೆ? ವಿಶ್ವಾಸದಲ್ಲಿ ಬೆಳೆಯುವುದೆಂದರೆ ಇನ್ನಷ್ಟು ಮನೆಗಳಿಗೆ ಹೋಗುವುದು ಎಂದುಕೊಂಡಿದ್ದೆ. ನನ್ನ ಮನೆಯ ಬಾಗಿಲು ತೆರೆಯುವುದೂ ಅದರಲ್ಲಿ ಸೇರಿದೆ.

ಈಗಲೂ ಕಷ್ಟದಲ್ಲಿರುವವರ ಮನೆಗೆ ಹೋಗುತ್ತೇನೆ. ಏಳುವ ಮೊದಲು ನನ್ನದೊಂದು ಚಿಂತೆಯನ್ನೂ ಹೇಳಿ, ಪ್ರಾರ್ಥಿಸಿ ಎಂದು ಕೇಳುತ್ತೇನೆ. ಆದರೆ ಒಮ್ಮೊಮ್ಮೆ ಸಣ್ಣ ಚಿಂತೆಯನ್ನು ಮುಂದಿಟ್ಟು ದೊಡ್ಡದನ್ನು ಬಚ್ಚಿಟ್ಟುಕೊಂಡು ಬರುತ್ತೇನೆ. ಅಷ್ಟು ಹಟ ಇನ್ನೂ ಉಳಿದಿದೆ.