ಅವ್ವನ ಕಟ್ಟೆ

ಪುಣೆಯಲ್ಲೇ ಬೆಳೆದ ಗೆಳೆಯರೇ, ನಿಮಗೆ ಧಾರವಾಡವೆಂದರೆ ಮೇ ರಜೆ, ಫೇಡೆ, ಅಜ್ಜಿಯ ಮನೆ, ಅಲ್ಲವೇ? ಮೊನ್ನೆ ಹೋದಾಗ ನನಗೆ ಜ್ಯುಬಿಲಿ ಸರ್ಕಲ್ ದಾಟಲಿಕ್ಕೇ ಹತ್ತು ನಿಮಿಷ ಬೇಕಾಯಿತು. 2020ರಲ್ಲಿ ಉದ್ಘಾಟನೆಯಾದ ಬಿಆರ್‌ಟಿಎಸ್ ದಾರಿಯಲ್ಲಿ ಹುಬ್ಬಳ್ಳಿಗೆ ಚಿಗರಿ ಬಸ್ಸು ಓಡುತ್ತದೆ. ಅನುಕೂಲವೇ, ಸುಳ್ಳೇಕೆ ಹೇಳಲಿ? ಆದರೆ ರಸ್ತೆಯ ಮರಗಳು ಎಷ್ಟೋ ಹೋದವು.

ನಮ್ಮ ಓಣಿಯಲ್ಲೂ ಎದುರು ಮನೆ ಅಪಾರ್ಟ್‌ಮೆಂಟ್ ಆಗಿದೆ. ಮೊದಲು ಸಂಜೆ ಐದಾರು ಜನ ಚುರುಮರಿ ತಿನ್ನುತ್ತ ಹರಟುತ್ತಿದ್ದ ಕಟ್ಟೆಯ ಮೇಲೆ ಈಗ ಅವ್ವ ಒಬ್ಬಳೇ ಕೂಡುತ್ತಾಳೆ.

"ಪುಣೆಗೆ ನಡಿಯವ್ವ" ಎಂದೆ.

"ಬರತೇನಿ. ಆದ್ರ ನಿನ್ನ ಮಕ್ಕಳು ನನ್ನ ಕೂಡ ಯಾವ ಭಾಷಾದಾಗ ಮಾತಾಡತಾವ?"

ನಗಬೇಡಿ, ಮರಳಿ ಬಂದು ಮಗಳಿಗೆ ಇದನ್ನೆಲ್ಲ ನಾನು ಹೇಳಿದ್ದೂ ಮರಾಠಿಯಲ್ಲೇ.