ಅರವತ್ತೇಳರಲ್ಲಿ ಮತ್ತೊಂದು ಎಂ.ಎ.

ನಾನು ಮತ್ತೆ ವಿದ್ಯಾರ್ಥಿಯಾಗಿರುವ ಸುದ್ದಿ ಹೇಗೋ ಹಬ್ಬಿಬಿಟ್ಟಿದೆ. ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಧಾಟಿಯಲ್ಲಿ ಕೇಳುತ್ತಿದ್ದಾರೆ: "ಮೇಷ್ಟ್ರೇ, ಈ ವಯಸ್ಸಿನಲ್ಲಿ ಎಂ.ಎ. ಯಾಕೆ? ಅದೂ ಕಂಪ್ಯೂಟರಿನಲ್ಲಿ?" ಒಬ್ಬೊಬ್ಬರಿಗೂ ಉತ್ತರಿಸುವುದಕ್ಕಿಂತ ಇಲ್ಲಿ ಬರೆದುಬಿಡುವುದೇ ಲೇಸೆಂದು ತೋರಿತು.

ದೂರದಿಂದ ಓದುವುದು ನನಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆದಿತ್ತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆದದ್ದು ಅದೇ. ಸಂಡೂರಿನಲ್ಲಿ ಮೇಷ್ಟ್ರಾಗಿದ್ದಾಗ ನಾನು ಕನ್ನಡ ಎಂ.ಎ. ಮುಗಿಸಿದ್ದು ಆ ಸಂಸ್ಥೆಯ ಮೂಲಕ. ಪಾಠಗಳ ಕಟ್ಟು ಅಂಚೆಯಲ್ಲಿ ಬರುತ್ತಿತ್ತು. ಬಿಚ್ಚಿ ಮೇಜಿನ ಮೇಲಿಟ್ಟರೆ ಎರಡು ದಿನದಲ್ಲಿ ಅದರ ಮೇಲೆ ಅದಿರಿನ ಕೆಂಧೂಳು ಕೂರುತ್ತಿತ್ತು. ಸಂದೇಹ ಬಂದರೆ ಪತ್ರ ಬರೆಯಬೇಕು. ಉತ್ತರ ಬರುವಷ್ಟರಲ್ಲಿ ಸಂದೇಹವೇ ಮರೆತಿರುತ್ತಿತ್ತು.

ಈಗಿನದು ನಾಲ್ಕು ಸೆಮಿಸ್ಟರುಗಳ ಆನ್‌ಲೈನ್ ಪದವಿ; ವಿಷಯ ಸಂವಹನ. ಮಾನ್ಯತೆ ಪಡೆದ ಇಂಥ ಪದವಿಗಳಿಗೆ ಯುಜಿಸಿಯ 2020ರ ನಿಯಮಾವಳಿ ಇದೆ. ಸೇರಬಯಸುವವರು ಮೊದಲು ಯುಜಿಸಿಯ ಮಾನ್ಯತಾ ಪಟ್ಟಿಯನ್ನು ನೋಡಿಕೊಳ್ಳಿ, ಆಮೇಲೆ ಶುಲ್ಕ ಕಟ್ಟಿ. ಪರೀಕ್ಷೆಯಲ್ಲಿ ಕ್ಯಾಮೆರಾ ನಮ್ಮ ಕಣ್ಣನ್ನೇ ಕಾಯುತ್ತದೆ! ಮೂವತ್ತಾರು ವರ್ಷ ಕೊಠಡಿ ಮೇಲ್ವಿಚಾರಣೆ ಮಾಡಿದವನು ನಾನು. ಅತ್ತಿತ್ತ ನೋಡಿದರೆ ಈಗ ಯಂತ್ರವೊಂದು ನನ್ನನ್ನು ಗದರಿಸುತ್ತದೆ. ಇರಲಿ.

ಪಠ್ಯದ ಮುಖ್ಯ ಪತ್ರಿಕೆಯ ಹೆಸರು 'ಸ್ಟ್ರಾಟೆಜಿಕ್ ಕಮ್ಯುನಿಕೇಷನ್'. ಸಂಸ್ಥೆಯೊಂದು ತನ್ನ ಧ್ಯೇಯವನ್ನು ಈಡೇರಿಸಿಕೊಳ್ಳಲು ಸಂವಹನವನ್ನು ಉದ್ದೇಶಪೂರ್ವಕವಾಗಿ ಬಳಸುವುದು ಎಂಬುದು ಇದಕ್ಕೆ ವಿದ್ವಾಂಸರು ಕೊಟ್ಟಿರುವ ಅರ್ಥ. ಇದೇ ಹೆಸರಿನ ಅಂತರರಾಷ್ಟ್ರೀಯ ವಿದ್ವತ್ಪತ್ರಿಕೆ 2007ರಲ್ಲಿ ಹೊರಟಿತು. ಕನ್ನಡದಲ್ಲಿ ಏನೆನ್ನೋಣ? 'ತಂತ್ರ' ಎಂದೊಡನೆ ನಮ್ಮ ಕಿವಿಗೆ ತಂತ್ರಗಾರಿಕೆಯ ವಾಸನೆ ತಟ್ಟುತ್ತದೆ. ಮೂಲ ಗ್ರೀಕ್ ಶಬ್ದದ ಅರ್ಥವಂತೂ ಸೇನಾನಿ. ಮಾತನಾಡಲು ಸೇನಾನಿ ಏಕೆ ಬೇಕು ಎಂಬ ಅನುಮಾನ ನನ್ನನ್ನು ಮೊದಲ ಸೆಮಿಸ್ಟರ್ ಪೂರ್ತಿ ಕಾಡಿತು.

ಆ ಅನುಮಾನ ನಿರಾಧಾರವೂ ಅಲ್ಲ. ಗಣಿ ಯೋಜನೆಗಳಿಗೆ ಪರಿಸರ ಅನುಮತಿ ಪಡೆಯಲು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂದೂ, ಯೋಜನಾ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕೆಂದೂ 2006ರ ಅಧಿಸೂಚನೆ ವಿಧಿಸಿದೆ. ಸಂಡೂರು ಸೀಮೆಯಲ್ಲಿ ಇಂಥ ಒಂದು ಸಾರಾಂಶವನ್ನು ಹಿಂದೊಮ್ಮೆ ಓದಿದ್ದೆ. ಅಕ್ಷರಗಳು ಕನ್ನಡದವು; ವಾಕ್ಯಗಳು ಯಾವ ಭಾಷೆಯವೋ ತಿಳಿಯದು. ನಿಯಮ ಪಾಲನೆಯಾಯಿತು, ಅರ್ಥ ಮಾತ್ರ ಯಾರಿಗೂ ತಲುಪಲಿಲ್ಲ. ಇದೇ ವಿದ್ಯೆಯನ್ನು ಜನರಿಗೆ ತಿಳಿಸಲೂ ಬಳಸಬಹುದು, ತಿಳಿಯದಂತೆ ಮಾಡಲೂ ಬಳಸಬಹುದು. ನಮ್ಮ ಪಠ್ಯ ಈ ಎರಡನೆಯದರ ಬಗ್ಗೆ ಬಹಳ ಸೌಜನ್ಯದಿಂದ ಮೌನವಾಗಿದೆ.

ಎರಡನೆಯ ವರ್ಷದ ಯೋಜನಾ ಪ್ರಬಂಧಕ್ಕೆ ಸಂಕಟಕಾಲದ ಸಂವಹನದ ಒಂದು ಪ್ರಸಂಗವನ್ನು ಆರಿಸಿಕೊಳ್ಳಬೇಕಿತ್ತು. ಸಹಪಾಠಿಗಳಲ್ಲಿ ಹೆಚ್ಚಿನವರು (ಎಲ್ಲರೂ ನನ್ನ ಮೊಮ್ಮಕ್ಕಳ ಓರಗೆಯವರು) ದೊಡ್ಡ ಕಂಪನಿಗಳನ್ನು ಆರಿಸಿಕೊಂಡರು. ನಾನು ನಮ್ಮ ಅಣೆಕಟ್ಟನ್ನು ಆರಿಸಿಕೊಂಡೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದುದು ನಿಮಗೆಲ್ಲ ನೆನಪಿರಬಹುದು. ಜಲಾಶಯ ಆಗ ತುಂಬಿತ್ತು, ಸುಮಾರು 105 ಟಿಎಂಸಿ. ಆ ಒಂದೇ ಕಿಂಡಿಯಿಂದ 35 ಸಾವಿರ ಕ್ಯೂಸೆಕ್‌ನಷ್ಟು ನೀರು ಹರಿಯಿತೆಂದು ವರದಿಯಾಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಗಳನ್ನು ಇಳಿಸಿ ವಾರವೊಂದರಲ್ಲಿ ಕಿಂಡಿಯನ್ನು ಮುಚ್ಚಿದರು. ಆ ಕಾರ್ಮಿಕರ ಸಾಹಸದ ಬಗ್ಗೆ ಬೇರೆಯೇ ಬರೆಯಬೇಕು.

ನನ್ನ ವಿಷಯ ಮಾತಿನದು. ಆ ರಾತ್ರಿ ಕಂಪ್ಲಿಯಲ್ಲಿರುವ ನನ್ನ ತಂಗಿ ದೂರವಾಣಿ ಮಾಡಿ, "ಅಣ್ಣಾ, ಡ್ಯಾಮ್ ಒಡೆದಿದೆಯಂತೆ, ನಿಜವೇ?" ಎಂದು ಕೇಳಿದಳು. ಅವಳ ಮೊಬೈಲಿಗೆ ಬಂದಿದ್ದ ಸಂದೇಶದಲ್ಲಿ ಹಾಗೇ ಇತ್ತು. ಗೇಟು ಹೋಗುವುದಕ್ಕೂ ಅಣೆಕಟ್ಟು ಒಡೆಯುವುದಕ್ಕೂ ಇರುವ ಅಂತರ ಅಜಗಜ; ಆದರೆ ನದಿಯ ದಂಡೆಯಲ್ಲಿ, ಕತ್ತಲಲ್ಲಿ, ಆ ಅಂತರ ಒಂದು ಪದದಷ್ಟೇ. ಮೊಮ್ಮಗುವನ್ನು ಎತ್ತಿಕೊಂಡು ಹೊರಡಬೇಕೋ, ಬಾಗಿಲು ಹಾಕಿ ಮಲಗಬೇಕೋ ಎಂಬುದು ಅವಳಿಗೆ ತಿಳಿಯಬೇಕಿತ್ತು.

ಪ್ರಬಂಧಕ್ಕಾಗಿ ಮರುವರ್ಷ ಹಂಪಿ, ಕಂಪ್ಲಿಗಳ ದಂಡೆಯುದ್ದಕ್ಕೂ ಓಡಾಡಿದೆ. ನದಿಗೆ ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಡಲಾಗಿದೆ ಎಂದು ಪ್ರಕಟಣೆ ಹೇಳುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಎಂದು ತರಗತಿಯಲ್ಲಿ ನಾನೇ ಬರೆಸುತ್ತಿದ್ದೆ. ಆದರೆ ದಂಡೆಯಲ್ಲಿ ಯಾರೂ ಕ್ಯೂಸೆಕ್ಕಿನಲ್ಲಿ ಯೋಚಿಸುವುದಿಲ್ಲ. ಹಂಪಿಯ ಹರಿಗೋಲಿನವರು ಪುರಂದರ ಮಂಟಪವನ್ನು ನೋಡುತ್ತಾರೆ: ಕಂಬದ ಬುಡಕ್ಕೆ ಬಂತೇ, ನಡುವಿಗೆ ಬಂತೇ, ಮಂಟಪ ಮುಳುಗಿತೇ? ಕಂಪ್ಲಿಯವರಿಗೆ ಗಂಗಾವತಿಯ ಸೇತುವೆಯೇ ಅಳತೆಗೋಲು. ದಂಡೆಯ ಬಾಳೆ, ಭತ್ತದ ರೈತನಿಗೆ ಬೇಕಾದುದು ಒಂದೇ ಮಾತು: ಪಂಪ್‌ಸೆಟ್ ಈಗಲೇ ಎತ್ತಬೇಕೇ, ಬೆಳಗಾಗುವ ತನಕ ಕಾಯಬಹುದೇ? ತಡವಾದರೆ ಮೋಟಾರು ನದಿಯ ಪಾಲು.

ಇನ್ನೊಂದು ಸಂಗತಿಯನ್ನು ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಕಾಲುವೆ ನೀರನ್ನು ನಂಬಿದ ರೈತರಿಗೆ ಆ ವಾರ ಬೇರೆಯೇ ಭಯ. ಕೂಡಿಟ್ಟ ನೀರೆಲ್ಲ ಹರಿದು ಹೋದರೆ ಬೆಳೆಯ ಗತಿಯೇನು? ಒಂದೇ ಅಂಕಿಯನ್ನು ಕೇಳಿ ದಂಡೆಯವನು ನೀರು ಹೆಚ್ಚೆಂದು ಹೆದರಿದ, ಕಾಲುವೆಯವನು ನೀರು ಹೋಯಿತೆಂದು ಅತ್ತ. ಇಬ್ಬರಿಗೂ ಒಂದೇ ಪ್ರಕಟಣೆ ಸಾಕಾಗದು. ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ ಹೇಳಿದರು, ಪರಿಣಾಮವೇನು ಎಂದು ಲಾಸ್‌ವೆಲ್ 1948ರಲ್ಲಿ ಕೇಳಿದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದ್ದೆ. 'ಯಾರಿಗೆ' ಎಂಬುದರ ಭಾರ ತಿಳಿದದ್ದು ಕಂಪ್ಲಿಯ ಕೋಟೆಯ ಬಳಿ ಒಬ್ಬ ಮೀನುಗಾರರ ಅಂಗಳದಲ್ಲಿ ಕುಳಿತಾಗ.

ಪ್ರಬಂಧವನ್ನು ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ನಾನು ಮೊದಲು ಕನ್ನಡದಲ್ಲಿ ಬರೆಯುತ್ತೇನೆ, ಆಮೇಲೆ ಅನುವಾದ. ಅದರಲ್ಲಿ ಒಂದು ಅಧ್ಯಾಯವಿಡೀ ಕೇವಲ ಅರ್ಧ ಪುಟದ ಒಂದು ಮಾದರಿ ಪ್ರಕಟಣೆಯ ಸುತ್ತ ಇದೆ: ಮಂಟಪ ಎಷ್ಟು ಮುಳುಗಬಹುದು, ಸೇತುವೆ ಯಾವಾಗ ಮುಚ್ಚಬಹುದು, ಪಂಪ್‌ಸೆಟ್ ಎಷ್ಟು ಹೊತ್ತಿಗೆ ಎತ್ತಬೇಕು, ಅಣೆಕಟ್ಟಿಗೆ ಏನೂ ಆಗಿಲ್ಲ, ಮುಂದಿನ ಸುದ್ದಿ ಎಷ್ಟು ಗಂಟೆಗೆ. ಅಂಕಿ ಕೊನೆಯ ಸಾಲಿನಲ್ಲಿ. ಬೋಧಕರು ಮೆಚ್ಚಿ, ಸಿದ್ಧಾಂತದ ಭಾಗ ತೆಳುವಾಗಿದೆ, ಇನ್ನಷ್ಟು ಬೆಳೆಸಿ ಎಂದು ಬರೆದಿದ್ದಾರೆ. ಬೆಳೆಸೋಣ.

ಕಳೆದ ತಿಂಗಳು ಆ ಅರ್ಧ ಪುಟವನ್ನು ತಂಗಿಗೆ ಓದಿ ಹೇಳಿದೆ. ಅವಳು ಏಳನೆಯ ತರಗತಿಯವರೆಗೆ ಓದಿದವಳು. ಪೂರ್ತಿ ಕೇಳಿ, ಚೆನ್ನಾಗಿದೆ ಎಂದಳು. ಅನಂತರ, "ಮೊಬೈಲು ಇಲ್ಲದ ಮನೆಗಳಿಗೆ ಡಂಗುರ ಹೊಡೆಸಬೇಕಲ್ಲ, ನಡುರಾತ್ರಿ ಡಂಗುರದವನನ್ನು ಎಬ್ಬಿಸುವವರು ಯಾರು? ಅದನ್ನು ಬರೆದಿಲ್ಲವಲ್ಲ" ಎಂದಳು. ನಾಲ್ಕನೆಯ ಅಧ್ಯಾಯವನ್ನು ಈಗ ಆ ಪ್ರಶ್ನೆಗಾಗಿಯೇ ಮೀಸಲಿಟ್ಟು ಬರೆಯುತ್ತಿದ್ದೇನೆ. ಒಪ್ಪಿಸಲು ಇನ್ನು ಆರು ವಾರಗಳಿವೆ.